ಎಲ್ಲದಕ್ಕೂ ಮೂರು

ಮೂವತ್ತೊಂದು ಪ್ರಶ್ನೆಗಳಿಗೆ ಉತ್ತರ ಕೊಡಲು ನರ್ಸಮ್ಮನಿಗೆ ಹಿಡಿದದ್ದು ಆಲೂಗಡ್ಡೆ ಬೇಯುವಷ್ಟು ಹೊತ್ತು. ಒಲೆಯ ಮುಂದೆ ಅತ್ತೆ ನಿಂತಿದ್ದರು. ಊಟದ ಮೇಜಿನ ಒಂದು ತುದಿಯಲ್ಲಿ ಮಗಳು ಪುಸ್ತಕ ಹರಡಿಕೊಂಡಿದ್ದಳು, ಇನ್ನೊಂದು ತುದಿಯಲ್ಲಿ ಗಂಡ ಯಾವುದೋ ಅಂಗಡಿಯ ತಕ್ಕಡಿಯನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದ. ನಡುವೆ ಉಳಿದ ಒಂದು ಗೇಣು ಜಾಗದಲ್ಲಿ ಫಾರಂ ಇಟ್ಟುಕೊಂಡು, ನಿಂತ ಕಾಲಲ್ಲೇ, ಅವಳು ಟಕಟಕನೆ ಸುತ್ತು ಹಾಕಿ ಮುಗಿಸಿದಳು.

ನಗರಸಭೆಯ ಆರೋಗ್ಯ ಶಾಖೆಯಲ್ಲಿ ಮನೆಮನೆ ಸುತ್ತುವ ಇಪ್ಪತ್ತಾರು ನರ್ಸುಗಳಿಗೂ ಆ ಫಾರಂ ಬಂದಿತ್ತು. ಯಾವುದೋ ಸಂಸ್ಥೆಯಿಂದ ಬಂದ ಸಂಶೋಧಕಿ ಹಂಚಿ ಹೋಗಿದ್ದಳು. ಈ ಕೆಲಸದಲ್ಲಿರುವವರ ಒಲವು ಯಾವ ಕಡೆಗೆ, ಮುಂದೆ ಏನಾಗಬೇಕು ಅಂತಿದೆ, ಅದನ್ನು ಅಳೆಯುವುದಂತೆ. ‘ಇತರರಿಗೆ ಮೇಲ್ವಿಚಾರಕಿಯಾಗಲು ಬಯಸುತ್ತೇನೆ’, ‘ಕೊನೆಯವರೆಗೂ ಮನೆಭೇಟಿಯ ಕೆಲಸದಲ್ಲೇ ಇರಲು ಬಯಸುತ್ತೇನೆ’, ಹೀಗೆ ಒಂದೊಂದೇ ಸಾಲು. ಪ್ರತಿ ಸಾಲಿನ ಮುಂದೆ ಒಂದರಿಂದ ಐದರವರೆಗೆ ಅಂಕಿ. ಒಂದು ಅಂದರೆ ಸುತರಾಂ ಇಲ್ಲ, ಐದು ಅಂದರೆ ಖಂಡಿತ ಹೌದು.

ಅತ್ತೆ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದರು. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಎಣಿಸಿ ನಿವೃತ್ತರಾದ ಹೆಂಗಸು. ಕಣ್ಣಿಗೆ ಬಿದ್ದದ್ದನ್ನು ಎಣಿಸದೆ ಬಿಡುವವರಲ್ಲ.

"ಇದೇನೇ ಇದು? ಎಲ್ಲದಕ್ಕೂ ಮೂರು?"

"ಮೂರು ಹಾಕಿದ್ರೆ ಯಾರೂ ಏನೂ ಕೇಳಲ್ಲ ಅತ್ತೆ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು. ಅಲ್ಲಿ ಕುರ್ಚಿ ಖಾಲಿ ಆಗ್ತಿದೆ, ಇಲ್ಲಿ ನೀನು ಮೂರು ಹಾಕ್ಕೊಂಡು ಕೂತಿದ್ದೀಯ!"

ಕುರ್ಚಿಯ ಮಾತು ನಿಜ. ಮೇಲ್ವಿಚಾರಕಿ ಇನ್ನೊಂದು ತಿಂಗಳಿಗೆ ನಿವೃತ್ತಿ. ಹಿರಿತನದಲ್ಲಿ ಮೊದಲ ಹೆಸರು ನರ್ಸಮ್ಮನದು, ಎರಡನೆಯದು ಬಿಸಿಲಿರಲಿ ಮೋಡವಿರಲಿ ಕೊಡೆ ಮಡಚದ ಕೊಡೆ ನರ್ಸಿನದು. ಒಪ್ಪಿಗೆಯೋ ಇಲ್ಲವೋ, ತಿಂಗಳ ಕೊನೆಯೊಳಗೆ ಬರೆದು ಕೊಡಬೇಕಿತ್ತು. ಫಾರಂಗೂ ಕುರ್ಚಿಗೂ ಸಂಬಂಧವೇ ಇಲ್ಲ ಎಂದು ಸಂಶೋಧಕಿ ಸಾರಿ ಸಾರಿ ಹೇಳಿದ್ದಳು. ಮನೆಯಲ್ಲಿ ಮಾತ್ರ ಯಾರೂ ನಂಬಿರಲಿಲ್ಲ.

"ಹನ್ನೊಂದು ವರ್ಷ ಈ ಒಲೆ ಮುಂದೆ ನಿಂತಿದ್ದೀನಿ," ಎಂದರು ಅತ್ತೆ. "ನೀನು ಮೇಲೆ ಬರಲಿ ಅಂತ ನಿಂತೆ. ಚಪ್ಪಲಿ ಸವೆಸಲಿ ಅಂತ ಅಲ್ಲ."

"ಈಗ ಆ ಮಾತ್ಯಾಕೆ ಅತ್ತೆ?"

"ಮತ್ತೆ ಯಾವಾಗ? ನಾನು ಹೋದ್ಮೇಲಾ?"

ಮಗಳು ಪುಸ್ತಕದಿಂದ ತಲೆ ಎತ್ತದೆ, "ಅಜ್ಜಿ, ಆಲೂಗಡ್ಡೆ ಕರಕಾಗ್ತಿದೆ," ಅಂದಳು. ಆ ಹೊತ್ತಿನ ಜಗಳ ಅಲ್ಲಿಗೆ ನಿಂತಿತು.

*

ನಾಲ್ಕನೇ ದಿನ ಸಂಶೋಧಕಿ ಆರೋಗ್ಯ ಕೇಂದ್ರಕ್ಕೆ ಬಂದಳು. ನರ್ಸಮ್ಮ ಲಸಿಕೆಯ ಡಬ್ಬಿಗೆ ಐಸ್ ಜೋಡಿಸುತ್ತಿದ್ದಳು.

"ಮೇಡಂ, ನಿಮ್ಮ ಫಾರಂ ಲೆಕ್ಕಕ್ಕೆ ಬರಲ್ಲ. ಎಲ್ಲಾ ಮೂರಿದ್ರೆ ಕಂಪ್ಯೂಟರ್ ತೆಗೆದುಹಾಕುತ್ತೆ. ಓದದೆ ಬರೆದಿದ್ದಾರೆ ಅಂತ ಒಂದು ಅರ್ಥ, ಇಲ್ಲಾ ಏನೂ ಬೇಡದವರು ಅಂತ."

"ಓದಿದ್ದೀನಮ್ಮ."

"ಹಾಗಾದ್ರೆ ಏನೂ ಬೇಡ್ವಾ ನಿಮಗೆ?"

ಹುಡುಗಿ ಕೇಳಿದ್ದು ವ್ಯಂಗ್ಯವಾಗಿ ಅಲ್ಲ, ಜ್ವರ ಇದೆಯಾ ಎಂದು ಕೇಳುವ ಹಾಗೆ. ಆದರೂ ನರ್ಸಮ್ಮನಿಗೆ ಚುರುಕ್ಕೆಂದಿತು. ಇಪ್ಪತ್ತೆರಡು ವರ್ಷ ಜನರ ಮನೆಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿ ಬರೆದುಕೊಂಡವಳು ಅವಳು. ಮಗು ಎಷ್ಟು ಸಲ ಹಾಲು ಕುಡಿಯಿತು, ಕೆಮ್ಮು ಎಷ್ಟು ದಿನದಿಂದ, ಮಾತ್ರೆ ನುಂಗಿದಿರಾ ಇಲ್ಲಾ ಕಿಟಕಿಯಿಂದ ಎಸೆದಿರಾ. ಅವಳನ್ನು ಕೂರಿಸಿ ಯಾರೂ ಏನೂ ಕೇಳಿರಲಿಲ್ಲ.

ಹೊಸ ಫಾರಂ ಚೀಲಕ್ಕೆ ಸೇರಿತು. ಎರಡು ವಾರ ಗಡುವು.

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಗಂಡನನ್ನು ಬೀದಿಯಲ್ಲಿ ಎಲ್ಲರೂ ತಕ್ಕಡಿ ಮೇಸ್ತ್ರಿ ಎಂದೇ ಕರೆಯುವುದು. ದಿನಸಿ ಅಂಗಡಿಯಿಂದ ಹಿಡಿದು ಚಿನ್ನದಂಗಡಿಯವರೆಗೆ ಊರಿನ ತಕ್ಕಡಿಗಳೆಲ್ಲ ರಿಪೇರಿಗೆ ಬರುವುದು ಅವನ ಹತ್ತಿರವೇ. ಮಾತು ಕಡಿಮೆ, ಆಡಿದರೂ ತಕ್ಕಡಿಯದೇ ಮಾತು.

"ಮುಳ್ಳು ನಟ್ಟನಡುವೆ ನಿಂತಿದೆ ಅಂದ್ರೆ ಕಾರಣ ಎರಡೇ," ಎಂದ. "ಒಂದು, ತಟ್ಟೆ ಖಾಲಿ. ಇನ್ನೊಂದು, ಮುಳ್ಳು ಎಲ್ಲೋ ಸಿಕ್ಕಿಹಾಕಿಕೊಂಡಿದೆ."

"ಮೂರನೇದೂ ಇದೆಯಲ್ಲಪ್ಪ," ಅಂದಳು ಮಗಳು. "ಎರಡೂ ತಟ್ಟೆ ಒಂದೇ ಸಮ ಭಾರ ಇದ್ರೆ?"

"ಅದೂ ಇದೆ. ಆದ್ರೆ ಅಂಥ ಗಿರಾಕಿ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ."

"ಸಿಕ್ಕಿದ್ದಾಳೆ, ಮದುವೇನೂ ಆಗಿದೆ," ಎಂದರು ಅತ್ತೆ. ಎಲ್ಲರೂ ನಕ್ಕರು. ನರ್ಸಮ್ಮ ಅನ್ನದ ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂತಳು.

ನಾವೇ ತುಂಬೋಣ ಎಂದು ಸಲಹೆ ಕೊಟ್ಟವಳು ಮಗಳು. ಪೆನ್ಸಿಲ್ ಬಂತು. ಒಬ್ಬೊಬ್ಬರೂ ನರ್ಸಮ್ಮನ ಪರವಾಗಿ ಸುತ್ತು ಹಾಕಿದರು. ಮೇಲ್ವಿಚಾರಕಿಯಾಗುವ ಸಾಲಿಗೆ ಅತ್ತೆಯದು ಐದು, ಕಾಗದ ಹರಿಯುವ ಹಾಗೆ. ಗಂಡನದು ಎರಡು: "ಅಲ್ಲಿ ಕೂತ್ರೆ ಇಪ್ಪತ್ತೈದು ಜನರ ಜಗಳ ತಲೆಗೆ ಕಟ್ಟಿಕೊಂಡು ಬರ್ತೀಯ. ಈಗ ನಿನ್ನದೊಂದೇ." ಮಗಳು ಎಲ್ಲ ಸಾಲಿಗೂ ಒಂದು ಹಾಕಿ, ‘ಕೆಲಸ ಬಿಡಲು ಬಯಸುತ್ತೇನೆ’ ಎಂಬ ಒಂದಕ್ಕೆ ಮಾತ್ರ ಐದು ಹಾಕಿದಳು.

"ಇದೇನು ತಮಾಷೆನಾ?" ಎಂದಳು ನರ್ಸಮ್ಮ.

"ನಿನ್ನ ವಾರ್ಡಿನ ಮಕ್ಕಳ ತೂಕ ಎಲ್ಲಾ ಬಾಯಿಪಾಠ ಅಲ್ವಾ ಅಮ್ಮ? ನನ್ನ ತೂಕ ಎಷ್ಟು ಹೇಳು."

"ನಲವತ್ತಾರು."

"ಅದು ಹೋದ ವರ್ಷದ್ದು."

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅತ್ತೆ ಒಗ್ಗರಣೆ ಹಾಕಿದರು.

ನರ್ಸಮ್ಮ ಎದ್ದು ಕೈ ತೊಳೆದಳು. ಮೂಲೆಯಲ್ಲಿದ್ದ ದೊಡ್ಡ ತಕ್ಕಡಿಯ ಮೇಲಿನ ಬಟ್ಟೆ ಸರಿಸಿ, ಮಗಳ ತೋಳು ಹಿಡಿದು ಎಳೆದುಕೊಂಡು ಹೋಗಿ ಅದರ ಮೇಲೆ ನಿಲ್ಲಿಸಿದಳು. ನಲವತ್ತೊಂಬತ್ತೂವರೆ. ರೆಜಿಸ್ಟರ್ ತೆಗೆದು, ವಾರ್ಡಿನ ಮಕ್ಕಳ ಪಟ್ಟಿಯ ಕೊನೆಗೆ, ಮಗಳ ಹೆಸರನ್ನೂ ತೂಕವನ್ನೂ ತಾರೀಖು ಸಮೇತ ಬರೆದಳು.

"ಅಮ್ಮ! ಅದರಲ್ಲೆಲ್ಲಾ ಐದು ವರ್ಷದೊಳಗಿನವರು!"

"ಆಡೋದೂ ಹಾಗೇ ಇದೆಯಲ್ಲ," ಎಂದಳು ನರ್ಸಮ್ಮ. ಮಗಳು ನಗು ತಡೆಯಲಾರದೆ ತಕ್ಕಡಿಯಿಂದ ಇಳಿದಳು. ಪೆನ್ಸಿಲಿನ ಗುರುತುಗಳನ್ನೆಲ್ಲ ಗಂಡ ರಬ್ಬರ್ ಹಿಡಿದು ಅಳಿಸಿದ. ಅತ್ತೆಯ ಐದು ಮಾತ್ರ ಪೂರ್ತಿ ಹೋಗಲಿಲ್ಲ.

*

ಮುಂದಿನ ವಾರ ಹೊಸದಾಗಿ ಸೇರಿದ ನರ್ಸೊಬ್ಬಳ ರೆಜಿಸ್ಟರನ್ನು ನೋಡಿಕೊಡುವ ಕೆಲಸ ನರ್ಸಮ್ಮನ ಮೇಲೆ ಬಿತ್ತು. ರೈಲ್ವೆ ಹಳಿಯ ಹಿಂದಿನ ಎರಡು ಬೀದಿ ಆ ಹುಡುಗಿಯದು. ಒಂದೇ ಪುಟದಲ್ಲಿ ಹದಿನಾಲ್ಕು ಕಡೆ ‘ಬೀಗ’ ಎಂದು ಬರೆದಿತ್ತು.

"ಎಷ್ಟು ಸಲ ಹೋಗಿದ್ದೆ?"

"ಹೋಗಿದ್ದೆ ಮೇಡಂ. ಬೀಗ ಇತ್ತು."

"ಎಷ್ಟು ಸಲ ಅಂತ ಕೇಳಿದ್ದು."

ಹುಡುಗಿ ಪಕ್ಕದಲ್ಲೇ ನಿಂತಿದ್ದ ಕೊಡೆ ನರ್ಸಿನ ಮುಖ ನೋಡಿದಳು. ಕೊಡೆ ನರ್ಸು ಕೊಡೆ ನೋಡಿಕೊಂಡಳು.

ಬೀಗದ ಮನೆಗೆ ಒಂದು ಕಟ್ಟಳೆಯಿದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ, ಬೇರೆ ಬೇರೆ ದಿನ ಹೋಗಿ ನೋಡಬೇಕು. ಪ್ರತಿ ಸಲವೂ ಬಾಗಿಲ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಸಣ್ಣ ಗೀಟು ಎಳೆಯಬೇಕು. ಮೂರು ಗೀಟು ಬಿದ್ದ ಮೇಲಷ್ಟೇ ರೆಜಿಸ್ಟರಿನಲ್ಲಿ ‘ಬೀಗ’. ಒಂದು ಹೊತ್ತು ನೋಡಿ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಸುಳ್ಳು ಬರೆದ ಹಾಗೆ.

ಸಂಜೆ ಆರೂವರೆಗೆ ಹುಡುಗಿಯನ್ನು ಕರೆದುಕೊಂಡು ನರ್ಸಮ್ಮ ತಾನೇ ಹೊರಟಳು. ಹದಿನಾಲ್ಕರಲ್ಲಿ ಒಂಬತ್ತು ಬಾಗಿಲು ತೆರೆದಿದ್ದವು. ಏಳನೆಯದರಲ್ಲಿ ಒಬ್ಬ ತಾಯಿ ಆಗಷ್ಟೇ ಕಾರ್ಖಾನೆಯಿಂದ ಬಂದು, ಸಮವಸ್ತ್ರವನ್ನೂ ಬಿಚ್ಚದೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ನಾಲ್ಕು ತಿಂಗಳ ಮಗು, ಮೂರು ಕೆಜಿ ಒಂಬೈನೂರು. ಕಾಲು ಕಡ್ಡಿಯ ಹಾಗೆ.

"ನರ್ಸು ಬರ್ತಾರೆ ಅಂತ ಕಾದೆ ಅಕ್ಕ," ಎಂದಳು ಆ ತಾಯಿ. "ಬಾಗಿಲಲ್ಲಿ ಗೀಟೂ ಇರಲಿಲ್ಲ. ನಮ್ಮನೆ ಲಿಸ್ಟಲ್ಲೇ ಇಲ್ಲವೇನೋ ಅನ್ಕೊಂಡೆ."

ನರ್ಸಮ್ಮ ಒಂದು ಗಂಟೆ ಅಲ್ಲೇ ಕೂತು, ಹಾಲು ಕುಡಿಸುವ ಬಗೆ ತೋರಿಸಿ, ಮರುದಿನ ಡಾಕ್ಟರ ಹತ್ತಿರ ಬರಬೇಕೆಂದು ಚೀಟಿ ಬರೆದುಕೊಟ್ಟಳು. ವಾಪಸು ಬರುವಾಗ ಹುಡುಗಿ ಮೆಲ್ಲಗೆ ಮೂಗು ಒರೆಸಿಕೊಳ್ಳುತ್ತಿದ್ದಳು.

"ಅಳಬೇಡ. ತಪ್ಪು ನಿನ್ನೊಬ್ಬಳದಲ್ಲ. ನಿನಗೆ ಯಾರೂ ಹೇಳಿಕೊಟ್ಟಿಲ್ಲ, ಬರೆದದ್ದನ್ನ ಯಾರೂ ನೋಡಿಲ್ಲ. ಆ ಕುರ್ಚಿಯಲ್ಲಿ ನಾನಿದ್ದಿದ್ರೆ ಈ ಪುಟ ಅವತ್ತೇ ನಿನ್ನ ಕೈಗೆ ವಾಪಸು ಬರ್ತಿತ್ತು."

ಹೇಳಿ ಮುಗಿಸಿದ ಮೇಲಷ್ಟೇ ತಾನು ಕುರ್ಚಿಯ ಮಾತಾಡಿದ್ದು ಅವಳ ಕಿವಿಗೆ ಬಿತ್ತು.

*

ಮನೆಗೆ ಬಂದಾಗ ಎಂಟೂವರೆ. ಅತ್ತೆ ಎರಡನೇ ಸಲ ಅನ್ನ ಬಿಸಿ ಮಾಡುತ್ತಿದ್ದರು. ತಡವಾದದ್ದು ಯಾಕೆಂದು ಹೇಳುತ್ತ ನರ್ಸಮ್ಮ ಬೀಗದ ಕಟ್ಟಳೆಯನ್ನೂ ವಿವರಿಸಿದಳು. ಅತ್ತೆ ಸೌಟು ತಿರುಗಿಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಿನ್ನನ್ನೂ ಮೂರು ಹೊತ್ತು ಕೇಳಬೇಕಾಯ್ತು. ಬಾಯಿಗೆ ಬೀಗ ಹಾಕ್ಕೊಂಡು ಕೂತಿರೋಳು ನೀನೇ ತಾನೆ?"

ಮರುದಿನ ಬೆಳಿಗ್ಗೆ ಡಬ್ಬಿಗೆ ಮೊಟ್ಟೆ ಅನ್ನ ತುಂಬುತ್ತ ಅತ್ತೆ ಶುರು ಹಚ್ಚಿಕೊಂಡರು. "ಕುರ್ಚಿ ಎಷ್ಟು ಬೇಕು? ಐದಕ್ಕೆ ಎಷ್ಟು?"

"ನಾಲ್ಕು," ಎಂದಳು ನರ್ಸಮ್ಮ, ಚಪ್ಪಲಿಗೆ ಕಾಲು ತೂರಿಸುತ್ತ.

ಮಧ್ಯಾಹ್ನ ಒಂದು ಗಂಟೆಗೆ ಫೋನು. "ಈಗ?"

"ಅತ್ತೆ, ನಡುಬೀದೀಲಿದ್ದೀನಿ, ತಲೆ ಮೇಲೆ ಬಿಸಿಲು. ಐದು! ಇಡ್ತೀನಿ."

ರಾತ್ರಿ ಊಟದ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ನರ್ಸಮ್ಮ ಒಲೆಯ ಕಡೆ ನೋಡಿದಳು. "ಮೂರು."

ಮೂರು ದಿನ ಹೀಗೇ ನಡೆಯಿತು. ಮಗಳು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಪಟ್ಟಿ ಮಾಡಿದಳು. ಬೆಳಿಗ್ಗೆ ನಾಲ್ಕು, ನಾಲ್ಕು, ಐದು. ಮಧ್ಯಾಹ್ನ ಐದು, ನಾಲ್ಕು, ಐದು. ರಾತ್ರಿ ಮೂರು, ಮೂರು, ಮೂರು.

"ಹಗಲೆಲ್ಲಾ ಬಾಗಿಲು ತೆಗೆದಿರುತ್ತೆ, ರಾತ್ರಿ ಮಾತ್ರ ಬೀಗ," ಅಂದಳು ಮಗಳು. "ಯಾಕೆ ಗೊತ್ತಾ? ರಾತ್ರಿ ಅಮ್ಮ ಅಜ್ಜಿ ಬೆನ್ನು ನೋಡ್ಕೊಂಡು ಹೇಳ್ತಾಳೆ."

ಗಂಡ ಸಣ್ಣ ಮೊಳೆಯೊಂದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ.

"ನನ್ನ ಬೆನ್ನಿಗೇನಾಗಿದೆ?" ಎಂದರು ಅತ್ತೆ.

"ಅದನ್ನೇ ಕೇಳಬೇಕು ಅಂತಿದ್ದೆ," ಎಂದಳು ನರ್ಸಮ್ಮ. ಮಗಳ ಕೈಯಿಂದ ನೋಟುಬುಕ್ಕು ತೆಗೆದುಕೊಂಡು, ವಾರ್ಡಿನ ಮನೆಗಳಲ್ಲಿ ಕೂರುವ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಳು. ದನಿಯೂ ಅಲ್ಲಿಯದೇ ಬಂತು. "ಅತ್ತೆ, ಈ ಒಲೆ ಮುಂದೆ ನಿಲ್ಲೋದು ನಿಮಗೆ ಎಷ್ಟು ಇಷ್ಟ? ಒಂದರಿಂದ ಐದು. ನನ್ನ ಮುಖ ನೋಡಬೇಡಿ, ನಿಮ್ಮದು ಹೇಳಿ."

"ನನ್ನನ್ನೇನು ಅಳೆಯೋದು? ನಾನೇನು ನಗರಸಭೆ ನೌಕರಳಾ?"

"ಬೆಳಿಗ್ಗೆ ಎಷ್ಟು ಹೇಳಿ."

ಅತ್ತೆ ಗೊಣಗಿದರು. "ಬೆಳಿಗ್ಗೆ ಐದು. ಬೆಳಗಿನ ಹೊತ್ತು ನನ್ನ ಒಲೆ ಯಾರೂ ಮುಟ್ಟಕೂಡದು."

"ಮಧ್ಯಾಹ್ನ?"

"ನಾಲ್ಕು ಅನ್ಕೋ. ರೇಡಿಯೋ ಇರುತ್ತೆ."

"ರಾತ್ರಿ?"

ಅತ್ತೆ ಒಲೆ ಆರಿಸಿದರು. ಸೆರಗಿನಿಂದ ಕತ್ತು ಒರೆಸಿಕೊಂಡರು. "ಒಂದಕ್ಕಿಂತ ಕೆಳಗೆ ಏನೂ ಇಲ್ವಾ ಅದರಲ್ಲಿ?"

ಮೇಜಿನ ಕೆಳಗಿನಿಂದ ಗಂಡ ಮೊಳೆ ಸಿಗದೆಯೇ ಮೇಲೆದ್ದ.

"ಏಳು ಗಂಟೆ ಆದ್ಮೇಲೆ ಸೊಂಟ ನನ್ನದಲ್ಲ ಕಣೇ," ಎಂದರು ಅತ್ತೆ. "ನೀನು ಕುರ್ಚಿಗೆ ಬಂದ್ರೆ ಐದಕ್ಕೆ ಆಫೀಸು ಬಿಡುತ್ತೆ, ಐದೂವರೆಗೆ ಮನೇಲಿರ್ತೀಯ, ರಾತ್ರಿ ಅಡಿಗೆ ನೀನು ನೋಡ್ಕೋತೀಯ ಅಂತ ನನ್ನ ಆಸೆ. ಹೊಟ್ಟೇಲಿದ್ದದ್ದು ಅಷ್ಟೇ, ಹೇಳಿಬಿಟ್ಟೆ. ಮನೇಲಿ ಎಲ್ಲರಿಗೂ ಬಡಿಸಿ, ಆರಿದ್ದನ್ನ ಕೊನೇಲಿ ಉಂಡು ಉಂಡು, ಬಿಸಿ ಅನ್ನ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ."

ನರ್ಸಮ್ಮನ ಪೆನ್ನು ಕಾಗದದ ಮೇಲೆ ನಿಂತಿತ್ತು. ಈಗ ಮೂರು ಅಂದುಬಿಟ್ಟಿದ್ದರೆ ಸುಲಭವಾಗಿತ್ತು.

"ಅತ್ತೆ, ನಾನೂ ಇರೋದನ್ನ ಹೇಳ್ತೀನಿ. ಕುರ್ಚಿ ನನಗೆ ಬೇಕು. ಐದಕ್ಕೆ ಐದು. ನೀವು ಹೇಳಿದ್ದಕ್ಕಲ್ಲ, ನನಗೇ ಬೇಕು. ಆದ್ರೆ ಕುರ್ಚಿ ಬಂದ್ರೂ ನಾನು ಐದೂವರೆಗೆ ಬರಲ್ಲ. ಹೊಸ ಹುಡುಗಿಯರನ್ನ ಸಂಜೆ ಬೀಗದ ಮನೆಗಳಿಗೆ ಕರ್ಕೊಂಡು ಹೋಗ್ಬೇಕು. ವಾರಕ್ಕೆ ಮೂರು ದಿನವಾದ್ರೂ ಎಂಟಾಗುತ್ತೆ."

"ಕುರ್ಚಿ ಸಿಕ್ಕ ಮೇಲೂ ಬೀದಿ ಸುತ್ತೋದಾ?"

"ಸುತ್ತೋದು."

"ಚೆನ್ನಾಗಿದೆ," ಎಂದರು ಅತ್ತೆ. "ಬಹಳ ಚೆನ್ನಾಗಿದೆ." ಸೌಟನ್ನು ಪಾತ್ರೆಯೊಳಗೆ ಬಿಟ್ಟು ತಮ್ಮ ಕೋಣೆಗೆ ಹೋದರು. ಆ ರಾತ್ರಿ ಬಡಿಸಿಕೊಂಡದ್ದು ಅವರವರೇ.

*

ಅತ್ತೆಯ ಮೌನ ಎರಡು ದಿನ ನಡೆಯಿತು. ಬೆಳಿಗ್ಗೆ ಡಬ್ಬಿ ತಪ್ಪಲಿಲ್ಲ, ಆದರೆ ಮುಚ್ಚಳ ಬಿಗಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಮಧ್ಯಾಹ್ನ ಫೋನೂ ಬರಲಿಲ್ಲ. ಒಂದು ಗಂಟೆಗೆ ನಡುಬೀದಿಯಲ್ಲಿ ನರ್ಸಮ್ಮ ತಾನಾಗಿ ಫೋನು ತೆಗೆದು ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಮೂರನೇ ದಿನ ಒಪ್ಪಿಗೆಯ ಪತ್ರ ಬರೆದು ಕೊಟ್ಟಳು. ವಾರಕ್ಕೆ ಮೂರು ಸಂಜೆ ಹೊಸಬರ ಜೊತೆ ಮನೆಭೇಟಿಗೆ ಹೋಗುತ್ತೇನೆ ಎಂಬುದನ್ನೂ ಅದರಲ್ಲೇ ಬರೆದಿದ್ದಳು. ನಿವೃತ್ತಿಯ ಅಂಚಿನಲ್ಲಿದ್ದ ಮೇಲ್ವಿಚಾರಕಿ ಕನ್ನಡಕ ಏರಿಸಿ ಓದಿದರು.

"ಹೀಗೆಲ್ಲಾ ಹಿಂದೆ ಯಾರೂ ಕೇಳಿಲ್ಲವಲ್ಲಮ್ಮ."

"ಕೇಳಬಾರದು ಅಂತ ನಿಯಮ ಇದೆಯಾ ಮೇಡಂ?"

"ಇಲ್ಲ. ಕೇಳೋಷ್ಟು ಹುಚ್ಚು ಯಾರಿಗೂ ಇರಲಿಲ್ಲ, ಅಷ್ಟೇ." ಅವರು ಪತ್ರಕ್ಕೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಕೊಡೆ ನರ್ಸು ಬಾಗಿಲ ಬಳಿಯೇ ಕಾದಿದ್ದು, "ಪುಣ್ಯಾತ್ಗಿತ್ತಿ, ಆ ಪೀಡೆ ನನ್ನ ತಲೆಗೆ ಬರಲಿಲ್ಲ," ಎಂದು ಕೈ ಹಿಡಿದು ಕುಲುಕಿದಳು.

ಅಂದೇ ಆ ಕಾರ್ಖಾನೆ ತಾಯಿಯ ಮಗುವನ್ನು ಮತ್ತೆ ತೂಗಿದ್ದಾಯಿತು. ನಾಲ್ಕು ಕೆಜಿ ಎಂಬತ್ತು ಗ್ರಾಂ. ಹೊಸ ಹುಡುಗಿ ಆ ಅಂಕಿಯನ್ನು ಎರಡೆರಡು ಸಲ ತಿದ್ದಿ ದಪ್ಪಗೆ ಬರೆದಳು.

ಸಂಜೆ ಮನೆಯ ಬಾಗಿಲು ತೆಗೆದರೆ ಸುಟ್ಟ ಈರುಳ್ಳಿಯ ವಾಸನೆ. ಅಡಿಗೆಮನೆಯಲ್ಲಿ ಗಂಡ. ಅವನ ಸುತ್ತ ಮೂರು ತಕ್ಕಡಿ: ಅಕ್ಕಿಗೆ ಒಂದು, ತರಕಾರಿಗೆ ಒಂದು, ಉಪ್ಪಿಗೆ ಚಿನ್ನದಂಗಡಿಯಿಂದ ರಿಪೇರಿಗೆ ಬಂದಿದ್ದ ಗಾಜಿನ ಪೆಟ್ಟಿಗೆಯ ತಕ್ಕಡಿ. ಮಗಳು ಪಕ್ಕದಲ್ಲಿ ನಿಂತು ಅಂಕಿ ಓದುತ್ತಿದ್ದಳು.

"ರೀ, ಏನಿದು?"

"ವಾರಕ್ಕೆ ಮೂರು ಸಂಜೆ ನಂದು," ಎಂದ ಅವನು, ಹಣೆಯ ಬೆವರು ಒರೆಸುತ್ತ. "ಎರಡು ಇವಳದು. ಎರಡು ನಿಂದು. ಅಮ್ಮನದು ಒಂದೂ ಇಲ್ಲ. ನೀನು ಬೀದಿ ಬೀದಿ ಸುತ್ತಿ ಕೇಳ್ತೀಯ. ಪಕ್ಕದಲ್ಲೇ ಮೊಳೆ ಹುಡುಕ್ತಾ ಕೂತಿದ್ದ ನಾನು ಇಷ್ಟು ವರ್ಷ ಕೇಳಲಿಲ್ಲ."

"ಉಪ್ಪು ಹನ್ನೆರಡು ಗ್ರಾಂ, ಅಪ್ಪ ಹೇಳಿದ ಲೆಕ್ಕ," ಎಂದಳು ಮಗಳು. "ಅಜ್ಜಿ ಕೈಯಳತೆ ನೋಡಿದ್ರೆ ಈ ತಕ್ಕಡಿ ಮುಳ್ಳೇ ಮುರಿಯುತ್ತೆ."

ಅತ್ತೆ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ಒಲೆ ಉರಿ ತಗ್ಗಿಸೋ ಪೆದ್ದ," ಎಂದರು. ಎರಡು ದಿನದ ಮೇಲೆ ಬಂದ ಮೊದಲ ಮಾತು.

"ನೀನು ಒಳಗೆ ಬರಕೂಡದು ಅಮ್ಮ. ಕೂತ್ಕೋ."

ಮೊದಲ ತಟ್ಟೆ ಅತ್ತೆಯ ಮುಂದೆ ಬಂತು. ಅನ್ನದಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಒಂದು ಕಡೆ ಕರಕಾದ, ಇನ್ನೊಂದು ಕಡೆ ಬೇಯದ ತರಕಾರಿ. ಮೂವರೂ ನಿಂತು ನೋಡಿದರು. ಅತ್ತೆಗೆ ಹಾಗೆ ನೋಡಿಸಿಕೊಂಡು ಉಣ್ಣುವ ಅಭ್ಯಾಸವಿರಲಿಲ್ಲ.

"ಹೀಗೆ ದಿಟ್ಟಿಸಿ ನೋಡಿದ್ರೆ ತುತ್ತು ಹೇಗೆ ಇಳಿಯುತ್ತೆ?" ಎನ್ನುತ್ತಲೇ ಒಂದು ತುತ್ತು ಬಾಯಿಗಿಟ್ಟರು. ಬಿಸಿ ತಾಳದೆ ಬಾಯಿ ತೆರೆದು ಉಸಿರು ಬಿಟ್ಟರು, ಕಣ್ಣಲ್ಲಿ ನೀರು ಬಂತು, ಬಿಸಿಗೋ ಏನೋ.

"ಐದಕ್ಕೆ ಎಷ್ಟು ಅಜ್ಜಿ?"

"ಎರಡು. ಉಪ್ಪಿಲ್ಲ."

"ಹನ್ನೆರಡು ಗ್ರಾಂ ಹಾಕಿದ್ದೀನಮ್ಮ!"

"ತಕ್ಕಡಿಗೆ ನಾಲಿಗೆ ಇದೆಯೇನೋ?"

ನರ್ಸಮ್ಮ ನಗುತ್ತ ಚೀಲದಿಂದ ಫಾರಂ ತೆಗೆದಳು. ಮಧ್ಯಾಹ್ನ ಮರದ ಕೆಳಗೆ ಕೂತು ಎಲ್ಲ ಸಾಲುಗಳಿಗೂ ಪೆನ್ನಿನಲ್ಲೇ ಸುತ್ತು ಹಾಕಿದ್ದಳು. ಮೇಲ್ವಿಚಾರಕಿಯಾಗಲು ಐದು, ಮನೆಭೇಟಿಗೂ ಐದು. ಎರಡಕ್ಕೂ ಐದು ಹೇಗೆ ಎಂದು ಆ ಸಂಶೋಧಕಿ ಕೇಳಿಯೇ ಕೇಳುತ್ತಾಳೆ, ಕೇಳಲಿ. ಕೊನೆಯ ಸಾಲೊಂದು ಮಾತ್ರ ಖಾಲಿ ಉಳಿದಿತ್ತು.

"ಅತ್ತೆ, ಇದೊಂದು ನೀವೇ ಹೇಳಬೇಕು. ‘ನನ್ನ ಉದ್ಯೋಗದ ಬೆಳವಣಿಗೆಗೆ ಮನೆಯವರ ಬೆಂಬಲವಿದೆ’. ಎಷ್ಟು ಹಾಕಲಿ?"

"ಮೂರು ಹಾಕು," ಎಂದರು ಅತ್ತೆ, ತಟ್ಟೆಯಿಂದ ಮುಖ ಎತ್ತದೆ. "ಇವನಿಗೆ ಉಪ್ಪಿನ ಹದ ಬಂದ ದಿನ ನಾಲ್ಕು ಮಾಡುವಿಯಂತೆ."

"ನಾಳೆ ಬೆಳಿಗ್ಗೆ ವಾಪಸು ಕೊಡಬೇಕು ಅತ್ತೆ."

ಅತ್ತೆ ಉಪ್ಪಿನ ಡಬ್ಬಿ ಎಳೆದುಕೊಂಡು, ತೂಗದೆ ಅಳೆಯದೆ ಒಂದು ಚಿಟಿಕೆ ಉದುರಿಸಿ, ಕಲಸಿ, ತಟ್ಟೆಯಲ್ಲಿದ್ದಷ್ಟನ್ನೂ ಉಂಡರು. ಕರಕಾದ ತುಂಡನ್ನೂ ಬಿಡಲಿಲ್ಲ. ಆಮೇಲೆ, ಯಾರ ಮುಖವನ್ನೂ ನೋಡದೆ, ಖಾಲಿ ತಟ್ಟೆಯನ್ನು ಮಗನ ಕಡೆ ಚಾಚಿದರು.

"ಇನ್ನೊಂದು ಸ್ವಲ್ಪ ಹಾಕು. ಬಿಸಿ ಇರೋ ಕಡೆಯಿಂದ."

ನರ್ಸಮ್ಮ ನಾಲ್ಕಕ್ಕೆ ಸುತ್ತು ಹಾಕಿದಳು.